ಅಗ್ಗದ ಮೆಮೊರಿ ಫೋಮ್: ಲೆಕ್ಕ ತಪ್ಪುವುದು ಎಲ್ಲಿ?

ಹಾಸಿಗೆ ಕೊಳ್ಳಲು ಹೊರಟವರ ಬಾಯಲ್ಲಿ ಈಗ ಒಂದೇ ಪ್ರಶ್ನೆ: "ಕಡಿಮೆ ಕ್ರಯಕ್ಕೆ ಒಳ್ಳೆಯ ಮೆಮೊರಿ ಫೋಮ್ ಯಾವುದುಂಟು?" ಬಿ.ಸಿ.ರೋಡು, ಮೆಲ್ಕಾರ್‌ನ ಪೀಠೋಪಕರಣದ ಅಂಗಡಿಗಳಲ್ಲಿ, ಗುರುವಾಯನಕೆರೆ–ಬೆಳ್ತಂಗಡಿ–ಉಜಿರೆಯ ಪೇಟೆಗಳಲ್ಲಿ, ಮೂಡುಬಿದಿರೆಯಲ್ಲಿ ಇದನ್ನು ಕೇಳುವವರೆಲ್ಲ ಒಂದೇ ಬಗೆಯ ಜನರಲ್ಲ. ಹೊಸ ಮನೆಯ ಒಕ್ಕಲಿಗೆ ಮಂಚ ಮಾಡಿಸಿದವರಿದ್ದಾರೆ, ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಲು ಬಂದ ಹೆತ್ತವರಿದ್ದಾರೆ, ಊರಲ್ಲಿರುವ ತಾಯಿಯ ಸೊಂಟನೋವಿಗೆಂದು ಗಲ್ಫಿನಿಂದ ದುಡ್ಡು ಕಳಿಸಿದ ಮಗನ ಪರವಾಗಿ ಬಂದವರಿದ್ದಾರೆ. ಪ್ರಶ್ನೆ ಮಾತ್ರ ಒಂದೇ. ಅದರೊಳಗೆ ನಾಲ್ಕು ನಂಬಿಕೆಗಳು ಅಡಗಿವೆ: ಮೆಮೊರಿ ಫೋಮ್ ಎಂದರೆ ಒಂದು ಜಾತಿಯ ಹಾಸಿಗೆ, ಅದು ಉಳಿದ ಜಾತಿಗಳಿಗಿಂತ ಮೇಲು, ಬೆನ್ನಿಗಂತೂ ಔಷಧಿ, ಕ್ರಯ ಕಡಿಮೆಯಾದರೆ ಸಿಗುವ ಸುಖ ಸ್ವಲ್ಪ ಕಡಿಮೆಯಾದೀತೇ ವಿನಾ ಬೇರೆ ನಷ್ಟವಿಲ್ಲ. ಈ ನಾಲ್ಕೂ ಅರೆಸತ್ಯಗಳು. ನಾಲ್ಕೂ ಸೇರಿದಾಗ ಜನರು ಕಷ್ಟಪಟ್ಟು ಕೂಡಿಟ್ಟ ಹಣ ಹೋಗಬಾರದ ಕಡೆಗೆ ಹೋಗುತ್ತದೆ. ಅದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಆ ನಂಬಿಕೆಗಳಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಮೆಮೊರಿ ಫೋಮ್ ಬರಿಯ ಜಾಹೀರಾತಿನ ಸೃಷ್ಟಿಯಲ್ಲ. 1966ರಲ್ಲಿ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಆಸನಕ್ಕೆಂದು ಈ ಬಗೆಯ ಫೋಮನ್ನು ರೂಪಿಸಿದರು. ಅಪಘಾತದ ಹೊಡೆತವನ್ನು ಹೀರಿಕೊಳ್ಳಬೇಕು, ದೀರ್ಘ ಹಾರಾಟದಲ್ಲಿ ಕುಳಿತವನ ಮೈಗೆ ಒಂದೇ ಕಡೆ ಒತ್ತಡ ಬೀಳಬಾರದು ಎಂಬುದು ಉದ್ದೇಶ. 1991ರ ಹೊತ್ತಿಗೆ ಸ್ವೀಡನ್ನಿನಲ್ಲಿ ಅದು ಟೆಂಪರ್ ಎಂಬ ಹೆಸರಿನ ಹಾಸಿಗೆಯಾಗಿ ಮಾರುಕಟ್ಟೆಗೆ ಬಂತು. ಸಾಮಾನ್ಯ ಫೋಮ್ ಒತ್ತಿದ ಕೂಡಲೇ ಪುಟಿದು ಎದುರು ಒತ್ತುತ್ತದೆ. ಇದು ನಿಧಾನವಾಗಿ ತಗ್ಗಿ, ಭುಜ, ಪೃಷ್ಠ, ಹಿಮ್ಮಡಿಗಳ ಭಾರವನ್ನು ಸುತ್ತಲಿನ ಮೈಗೂ ಹಂಚುತ್ತದೆ. ಪಕ್ಕದವರು ಮಗ್ಗುಲು ಬದಲಿಸಿದರೆ ಈಚೆಯವರಿಗೆ ಅಲುಗಾಟ ತಾಕುವುದಿಲ್ಲ. ಗಂಟುಗಟ್ಟಿದ ಹತ್ತಿ ಹಾಸಿಗೆಯಲ್ಲೋ ನಡು ತಗ್ಗಿದ ನಾರಿನ ಹಾಸಿಗೆಯಲ್ಲೋ ವರ್ಷಗಟ್ಟಲೆ ಮಲಗಿದವರಿಗೆ ಇದರ ಮೊದಲ ರಾತ್ರಿ ದೊಡ್ಡ ಬಿಡುಗಡೆಯಂತೆ ಕಾಣುವುದು ಸಹಜ. ಕ್ರಯದ ವಿಚಾರದಲ್ಲೂ ಕೊಳ್ಳುವವರ ಗ್ರಹಿಕೆ ತಪ್ಪಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್‌ನಂಥ ಕಂಪೆನಿಗಳು ಹಾಸಿಗೆಯನ್ನು ಸುರುಳಿ ಸುತ್ತಿ, ಗಾಳಿ ತೆಗೆದು, ಪೆಟ್ಟಿಗೆಯಲ್ಲಿಟ್ಟು ನೇರ ಮನೆಗೆ ಕಳಿಸತೊಡಗಿದ ಮೇಲೆ ನಡುವಿನ ಕೈಗಳು ಕಡಿಮೆಯಾಗಿ, ಒಂದು ಕಾಲಕ್ಕೆ ಮಹಾನಗರದ ಶ್ರೀಮಂತರಿಗಷ್ಟೇ ಎಟಕುತ್ತಿದ್ದ ವಸ್ತು ಘಟ್ಟದಡಿಯ ಮನೆಗೂ ಬಂತು. ಇಷ್ಟೆಲ್ಲ ನಿಜ. ಆದರೆ ಈ ಫೋಮಿನ ಗುಣ ಮತ್ತು "ಮೆಮೊರಿ ಫೋಮ್ ಹಾಸಿಗೆ" ಎಂದು ಬರೆದು ಮಾರುವ ವಸ್ತುವಿನ ಗುಣ ಒಂದೇ ಎಂದು ತಿಳಿದಲ್ಲಿಂದ ಗೊಂದಲ ಆರಂಭ.

ಇಡೀ ಮೆಮೊರಿ ಫೋಮಿನಿಂದಲೇ ಮಾಡಿದ ಹಾಸಿಗೆ ಇರುವುದಿಲ್ಲ. ಇದ್ದರೆ ಅದರಲ್ಲಿ ಮಲಗಲೂ ಆಗದು, ಮೈ ಹೂತುಹೋದೀತು. ಮೇಲೆ ಒಂದೋ ಎರಡೋ ಇಂಚಿನ, ಹೆಚ್ಚೆಂದರೆ ಮೂರು ಇಂಚಿನ ಮೆಮೊರಿ ಫೋಮಿನ ಪದರ. ಅದರ ಕೆಳಗೆ ನಾಲ್ಕೈದು ಇಂಚಿನ ಬೇರೆ ವಸ್ತು. ಆ ಬೇರೆ ವಸ್ತುವೇ ದೇಹವನ್ನು ಹೊರುವುದು. ಅದು ಒಳ್ಳೆಯ ಪುಟಿತದ ಎಚ್.ಆರ್. ಫೋಮ್ ಆಗಿರಬಹುದು, ಸಾಮಾನ್ಯ ಪಿ.ಯು. ಫೋಮ್ ಆಗಿರಬಹುದು, ಕಾರ್ಖಾನೆಯ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿದ ರೀಬಾಂಡೆಡ್ ಹಲಗೆ ಆಗಿರಬಹುದು, ರಬ್ಬರ್ ಹಾಲು ಸಿಂಪಡಿಸಿದ ತೆಂಗಿನ ನಾರು ಆಗಿರಬಹುದು, ಟಿ.ವಿ.ಯ ಪೆಟ್ಟಿಗೆಯೊಳಗೆ ಬರುವಂಥ ಬಿಳಿಯ ಇ.ಪಿ.ಇ. ಹಾಳೆಯೂ ಆಗಿರಬಹುದು. ಇವುಗಳಲ್ಲಿ ಯಾವುದರ ಮೇಲೆ ಒಂದು ಇಂಚು ಮೆಮೊರಿ ಫೋಮ್ ಅಂಟಿಸಿದರೂ ಹೊರಗಿನ ಬಟ್ಟೆಯ ಮೇಲೆ ಬರೆಯುವ ಹೆಸರು ಅದೇ. ಹಾಸಿಗೆಯ ನಡು ತಗ್ಗುವುದು, ಅಂಚು ಕುಸಿಯುವುದು, ಎರಡು ವರ್ಷದಲ್ಲಿ ಹೊಂಡ ಬೀಳುವುದು ಬಹುಪಾಲು ಈ ಕೆಳಗಿನ ಪದರದ ದೋಷದಿಂದ. ದಮ್ಮಾಸು ಮಾಡದ ಮಣ್ಣಿನ ಮೇಲೆ ದುಬಾರಿ ಟೈಲ್ಸ್ ಹಾಸಿದ ಮನೆಯ ಸ್ಥಿತಿ ಅದು. ಕ್ರಯ ಇಳಿಸಬೇಕೆಂದು ಗ್ರಾಹಕ ಹಟ ಹಿಡಿದಾಗ ತಯಾರಕ ಮೇಲಿನ ಪದರದ ಹೆಸರನ್ನು ಬಿಡಲಾರ, ಏಕೆಂದರೆ ಮಾರಾಟವಾಗುವುದು ಆ ಹೆಸರಿನಿಂದ. ಹಾಗಾಗಿ ಕಣ್ಣಿಗೆ ಕಾಣದ ಕೆಳಪದರವನ್ನು ಸಡಿಲಗೊಳಿಸುತ್ತಾನೆ. ಅಂದರೆ "ಕಡಿಮೆಯದ್ದರಲ್ಲಿ ಮೆಮೊರಿ ಫೋಮ್" ಎಂಬ ಬೇಡಿಕೆಯೇ ಹಾಸಿಗೆಯ ಅತಿ ಮುಖ್ಯ ಭಾಗವನ್ನು ಬಡವಾಗಿಸುವ ಬೇಡಿಕೆ.

ಇದನ್ನು ತಿಳಿಯಲು ಒಂದು ಅಂಕಿ ಸಾಕಷ್ಟು ದೂರ ಕೊಂಡೊಯ್ಯುತ್ತದೆ: ಸಾಂದ್ರತೆ, ಅಂಗಡಿಯ ಮಾತಿನಲ್ಲಿ ಡೆನ್ಸಿಟಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ ಅದು. ಡೆನ್ಸಿಟಿ ಹೆಚ್ಚಾದರೆ ಹಾಸಿಗೆ ಗಟ್ಟಿ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ, ಮಾರುವವರೂ ಹಾಗೇ ಹೇಳುತ್ತಾರೆ, ಅದು ಸರಿಯಲ್ಲ. ಗಟ್ಟಿತನ ಬೇರೆ, ಸಾಂದ್ರತೆ ಬೇರೆ. ಹೆಚ್ಚು ಸಾಂದ್ರತೆಯ ಮೆತ್ತನೆಯ ಫೋಮೂ ಉಂಟು, ಕಡಿಮೆ ಸಾಂದ್ರತೆಯ ಗಟ್ಟಿ ಫೋಮೂ ಉಂಟು. ಸಾಂದ್ರತೆ ಹೇಳುವುದು ಮುಖ್ಯವಾಗಿ ಬಾಳಿಕೆಯನ್ನು. ಮೆಮೊರಿ ಫೋಮ್ 50ರ ಆಸುಪಾಸು ಅಥವಾ ಮೇಲಿದ್ದರೆ, ಕೆಳಗಿನ ಫೋಮ್ 32ಕ್ಕಿಂತ ಕಡಿಮೆಯಿರದೆ 40ರ ಹತ್ತಿರವಿದ್ದರೆ, ದಿನವೂ ಇಬ್ಬರು ಮಲಗುವ ಹಾಸಿಗೆ ವರ್ಷಗಟ್ಟಲೆ ತಡೆಯುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ ಆರಡಿ–ನಾಲ್ಕಡಿಯ ಮಂಚಕ್ಕೆ ಆರು ಇಂಚಿನ ಹಾಸಿಗೆ ಎಂದು ಹಿಡಿಯಿರಿ. ಈ ಅಳತೆಯ ಒಂದೊಂದು ಇಂಚೂ ಸುಮಾರು 0.057 ಘನ ಮೀಟರ್. ಎರಡು ಇಂಚು 50ರ ಮೆಮೊರಿ ಫೋಮ್ ಸುಮಾರು ಐದೂಮುಕ್ಕಾಲು ಕಿಲೋ, ನಾಲ್ಕು ಇಂಚು 40ರ ಕೆಳಪದರ ಒಂಬತ್ತು ಕಿಲೋ. ಒಟ್ಟು ಸುಮಾರು 15 ಕಿಲೋ, ಹೊದಿಕೆಯ ತೂಕ ಬೇರೆ. ಅದೇ ಅಳತೆಯಲ್ಲಿ ಒಂದು ಇಂಚು 30ರ ಮೆಮೊರಿ ಫೋಮ್, ಐದು ಇಂಚು 20ರ ಸಾಮಾನ್ಯ ಫೋಮ್ ತುಂಬಿದರೆ ಒಟ್ಟು ಸುಮಾರು ಏಳೂವರೆ ಕಿಲೋ. ಎರಡೂ ಆರು ಇಂಚೇ, ಎರಡರ ಮೇಲೂ ಒಂದೇ ಹೆಸರು, ಅಂಗಡಿಯಲ್ಲಿ ಅಂಗೈ ಒತ್ತಿ ತೋರಿಸಿದಾಗ ಎರಡರಲ್ಲೂ ಅಚ್ಚು ಮೂಡಿ ನಿಧಾನವಾಗಿ ಮಾಯವಾಗುತ್ತದೆ. ಒಂದರಲ್ಲಿ ಇನ್ನೊಂದರ ಅರ್ಧದಷ್ಟು ಸಾಮಾನು ಮಾತ್ರ ಇದೆ. ಅಕ್ಕಿ ಕೊಳ್ಳುವಾಗ ಮುಡಿಯ ಗಾತ್ರ ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ, ತೂಗಿಸುತ್ತಾರೆ. ಹಾಸಿಗೆಯ ಮಟ್ಟಿಗೆ ಮಾತ್ರ ನಾವು ಇಂಚು ನೋಡಿ ಮೋಸ ಹೋಗುತ್ತಿದ್ದೇವೆ.

ತೂಕವೇ ಕೊನೆಯ ಸಾಕ್ಷಿಯೇ? ಅಲ್ಲ, ಮತ್ತು ಇಲ್ಲಿ ಎಚ್ಚರ ಬೇಕು. ಫೋಮ್ ತಯಾರಿಸುವಾಗ ಸುಣ್ಣಕಲ್ಲಿನ ಪುಡಿಯಂಥ ಅಗ್ಗದ ಖನಿಜ ಬೆರೆಸಿ ತೂಕ ಏರಿಸುವ ಪದ್ಧತಿ ಇದೆ. ಅಂಥ ಫೋಮ್ ತೂಗುತ್ತದೆ, ಆದರೆ ಬಾಳುವುದಿಲ್ಲ. ರೀಬಾಂಡೆಡ್ ಹಲಗೆಯ ಸಾಂದ್ರತೆ 80, 90 ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಚೂರುಗಳನ್ನು ಒತ್ತಿ ತುಂಬಿದ್ದರಿಂದ ಬಂದ ಅಂಕಿಯಾದ್ದರಿಂದ ಎಚ್.ಆರ್. ಫೋಮಿನ 40ರ ಪಕ್ಕ ಅದನ್ನಿಟ್ಟು ದುಪ್ಪಟ್ಟು ಒಳ್ಳೆಯದು ಎನ್ನುವುದು ತರ್ಕವಲ್ಲ. ಹಾಗಾಗಿ ತೂಕ ಕಡಿಮೆಯಿದ್ದರೆ ಹಾಸಿಗೆ ಕಳಪೆ ಎಂದು ಧೈರ್ಯವಾಗಿ ಹೇಳಬಹುದು; ತೂಕ ಹೆಚ್ಚಿದೆಯೆಂದ ಮಾತ್ರಕ್ಕೆ ಒಳ್ಳೆಯದು ಎನ್ನಲಾಗದು. ಎರಡನೆಯ ಪರೀಕ್ಷೆ ಕಣ್ಣಿನದ್ದು. ಹೊರಬಟ್ಟೆಗೆ ಜಿಪ್ ಇದ್ದರೆ ಒಂದು ಮೂಲೆ ಬಿಚ್ಚಿಸಿ ನೋಡಬೇಕು. ಮೇಲಿನ ಪದರ ನಿಜಕ್ಕೂ ಹೇಳಿದಷ್ಟು ಇಂಚು ಇದೆಯೇ, ಕೆಳಗಿನದು ಒಂದೇ ತುಂಡೋ, ಅಂಟಿಸಿದ ತುಂಡುಗಳೋ, ಬಣ್ಣಬಣ್ಣದ ಚೂರುಗಳೋ, ಉಗುರಿನಿಂದ ಮೆಲ್ಲಗೆ ಕೆರೆದರೆ ಪುಡಿ ಉದುರುತ್ತದೆಯೋ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಜಿಪ್ ಇಲ್ಲದೆ ಸುತ್ತಲೂ ಹೊಲಿದು ಮುಚ್ಚಿದ ಹಾಸಿಗೆಗಳೆಲ್ಲ ಕೆಟ್ಟವೇನಲ್ಲ. ಆದರೆ ಕಡಿಮೆ ಕ್ರಯದ್ದನ್ನು ಕೊಳ್ಳುವವರು ಜಿಪ್ ಇರುವುದನ್ನೇ ಆರಿಸಿಕೊಳ್ಳುವುದು ಕ್ಷೇಮ.

ಇನ್ನು ಎರಡನೆಯ ನಂಬಿಕೆ: ಈ ಫೋಮ್ ಎಲ್ಲ ಕಡೆಯೂ ಮೇಲು ಎಂಬುದು. ಇದನ್ನು ನಾನು ಹೆಚ್ಚು ವಿಸ್ತಾರವಾಗಿ ನೋಡಬಯಸುತ್ತೇನೆ, ಏಕೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳ ಮಟ್ಟಿಗೆ ನಿರ್ಣಾಯಕವಾದ ಸಂಗತಿ ಇದೇ. ಮೆಮೊರಿ ಫೋಮಿನ ವಿಶೇಷ ಗುಣ ಶಾಖವನ್ನು ಅವಲಂಬಿಸಿದೆ. ಚಳಿಯಲ್ಲಿ ಅದು ಬಿಗಿಯುತ್ತದೆ, ಬೆಚ್ಚಗಾದಾಗ ಸಡಿಲಾಗುತ್ತದೆ. ಮೈ ತಾಗಿದ ಭಾಗ ಮಾತ್ರ ಬೆಚ್ಚಗಾಗಿ ಮೈಯ ಆಕಾರಕ್ಕೆ ಬಾಗುತ್ತದೆ, ತಾಗದ ಭಾಗ ಬಿಗಿಯಾಗಿ ಉಳಿದು ಆಧಾರ ಕೊಡುತ್ತದೆ ಎಂಬುದೇ ಅದರ ಸೂತ್ರ. ಕೋಣೆ ತಂಪಾಗಿರುತ್ತದೆ ಎಂಬುದು ಈ ಸೂತ್ರದ ಮೊದಲ ಷರತ್ತು. ಬಂಟ್ವಾಳದ ಏಪ್ರಿಲ್ ರಾತ್ರಿಯಲ್ಲಿ, ಹಗಲೆಲ್ಲ ಕಾದ ತಾರಸಿಯ ಕೆಳಗೆ, ಆ ಷರತ್ತು ಈಡೇರುವುದಿಲ್ಲ. ಮೈ ತಾಗುವ ಮೊದಲೇ ಫೋಮ್ ಪೂರ್ತಿ ಸಡಿಲಾಗಿರುತ್ತದೆ. ಮಲಗಿದ ಕೂಡಲೇ ಭಾರ ಕೆಳಪದರಕ್ಕೆ ಇಳಿಯುತ್ತದೆ. ತೇವವೂ ಹೀಗೇ ಮಾಡುತ್ತದೆ: ಗಾಳಿಯ ನೀರಿನಂಶವನ್ನು ಹೀರಿದ ಮೆಮೊರಿ ಫೋಮ್ ಇನ್ನಷ್ಟು ಮೆತ್ತಗಾಗುತ್ತದೆ. ಶಾಖ ಮತ್ತು ತೇವ ಎರಡೂ ಸೇರಿ ಭಾರವೂ ಬಿದ್ದಾಗ ಫೋಮ್ ಬೇಗ ಕುಗ್ಗಿ ಹಾಗೇ ನಿಂತುಬಿಡುತ್ತದೆ, ಅದರಲ್ಲೂ ಕಡಿಮೆ ಸಾಂದ್ರತೆಯದ್ದು. ವರ್ಷಕ್ಕೆ 3,500ರಿಂದ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಬೆಳ್ತಂಗಡಿಯ ಊರುಗಳಲ್ಲಿ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಮನೆಯೊಳಗೆ ಹಾಸಿಗೆ ಮಾತ್ರ ಒಣಗಿರುತ್ತದೆ ಎಂದುಕೊಳ್ಳಲು ಕಾರಣವಿಲ್ಲ.

ಇಲ್ಲಿಂದ ಒಂದು ಮುಖ್ಯ ತೀರ್ಮಾನ ಹೊರಡುತ್ತದೆ. ಎ.ಸಿ. ಹಾಕಿದ ಶೋರೂಮಿನಲ್ಲಿ ಐದು ನಿಮಿಷ ಮಲಗಿ ನೋಡಿದ ಹಾಸಿಗೆ ಮತ್ತು ಮನೆಯ ಫ್ಯಾನಿನ ಕೆಳಗೆ ಎಂಟು ಗಂಟೆ ಮಲಗುವ ಹಾಸಿಗೆ, ಇವೆರಡೂ ನಡವಳಿಕೆಯಲ್ಲಿ ಬೇರೆ ಬೇರೆ ವಸ್ತುಗಳು. 23–24 ಡಿಗ್ರಿಯಲ್ಲಿ ಹಿತವಾಗಿ ಬಿಗಿಯಾಗಿದ್ದದ್ದು 30 ಡಿಗ್ರಿಯಲ್ಲಿ ಜೋಲುತ್ತದೆ. ಬೆವರಿನ ಸಂಗತಿಯೂ ಹಾಗೇ. ಮೆಮೊರಿ ಫೋಮಿನೊಳಗೆ ಗಾಳಿ ಸರಾಗವಾಗಿ ಹರಿಯುವುದಿಲ್ಲ, ಮೈ ಅದರೊಳಗೆ ತಗ್ಗಿದಷ್ಟೂ ಗಾಳಿ ತಾಗುವ ಜಾಗ ಕಡಿಮೆ. ಫ್ಯಾನು ಮೇಲಿನಿಂದ ಎಷ್ಟೇ ಬೀಸಿದರೂ ಬೆನ್ನಿನಡಿಯ ಶಾಖಕ್ಕೆ ದಾರಿಯಿಲ್ಲ. ಇದಕ್ಕೆ ಉತ್ತರವಾಗಿ "ಕೂಲಿಂಗ್ ಜೆಲ್" ಬೆರೆಸಿದ ಫೋಮ್ ಬಂದಿದೆ. ಜೆಲ್ ಮೊದಲ ಹೊತ್ತಿನಲ್ಲಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ ಎಂಬುದು ಸರಿ. ಸೆಳೆದ ಶಾಖ ಎಲ್ಲಿಗಾದರೂ ಹೋಗಬೇಕಲ್ಲ? ಕೋಣೆಯ ಗಾಳಿಯೇ ಬಿಸಿಯಿದ್ದರೆ ಅದು ಫೋಮಿನಲ್ಲೇ ಉಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಜೆಲ್ಲೂ ಮೈಯಷ್ಟೇ ಬೆಚ್ಚಗಾಗುತ್ತದೆ. ರಾತ್ರಿಯಿಡೀ ಎ.ಸಿ. ಓಡಿಸುವ ಮನೆಗೆ ಈ ಆಕ್ಷೇಪಗಳ ಬಹುಭಾಗ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಹಾಸಿಗೆಯಲ್ಲಿ ಎರಡು ಸಾವಿರ ಉಳಿಸಲು ನೋಡುವ ಮನೆ ಸಾಮಾನ್ಯವಾಗಿ ರಾತ್ರಿಯಿಡೀ ಎ.ಸಿ. ಓಡಿಸುವ ಮನೆಯಲ್ಲ, ಓಡಿಸುವವರಿಗೂ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದ ರಾತ್ರಿಗಳಿವೆ.

ಕೆಳಗಿನ ಮಗ್ಗುಲನ್ನೂ ನೋಡಬೇಕು. ನಮ್ಮ ಕಡೆಯ ಮಂಚಗಳಲ್ಲಿ ಹೆಚ್ಚಿನವು ಹಲಸು, ಹೆಬ್ಬಲಸು, ಸಾಗುವಾನಿಯ ಚೌಕಟ್ಟಿಗೆ ಒತ್ತಾಗಿ ಹಲಗೆ ಜೋಡಿಸಿದವು, ಈಚಿನವು ಪ್ಲೈವುಡ್ ಹಾಸಿದವು. ಬೆವರಿನ ತೇವ ಹಾಸಿಗೆಯ ಮೂಲಕ ಇಳಿದು ಹಲಗೆಗೆ ಬಂದು ನಿಲ್ಲುತ್ತದೆ, ಹೊರಹೋಗಲು ಸಂದಿಯಿಲ್ಲ. ಆಗಸ್ಟ್ ಕೊನೆಗೆ ಹಾಸಿಗೆ ಎತ್ತಿ ನೋಡಿದರೆ ತಳದ ಬಟ್ಟೆಯಲ್ಲಿ ಕಪ್ಪು ಚುಕ್ಕೆ, ಹಲಗೆಯ ಮೇಲೆ ಬಿಳಿ ಬೂಷ್ಟು. ಹತ್ತಿ ಹಾಸಿಗೆಯ ಕಾಲದಲ್ಲಿ ಇದಕ್ಕೆ ಪರಿಹಾರ ಅಂಗಳದಲ್ಲೇ ಇತ್ತು: ಮಳೆ ಬಿಟ್ಟ ಮೇಲೆ ಅಡಿಕೆ ಒಣಗಿಸುವ ಅದೇ ಅಂಗಳದಲ್ಲಿ ಹಾಸಿಗೆಯನ್ನೂ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಸಂಜೆ ಒಳತರುತ್ತಿದ್ದರು. ಗಂಟುಗಟ್ಟಿದರೆ ಹತ್ತಿ ಹಿಂಜುವವರನ್ನು ಕರೆಸಿ ಅದೇ ಹತ್ತಿಯಿಂದ ಹಾಸಿಗೆ ಮರುಕಟ್ಟಿಸುತ್ತಿದ್ದರು. ಮೆಮೊರಿ ಫೋಮಿಗೆ ಈ ಉಪಚಾರ ನಡೆಯುವುದಿಲ್ಲ. ನೇರ ಬಿಸಿಲು ಪಾಲಿಯುರಿಥೇನ್‌ನಿಂದ ಮಾಡಿದ ಈ ಫೋಮನ್ನು ಹಳದಿಗಟ್ಟಿಸಿ ಪುಡಿಪುಡಿಯಾಗಿಸುತ್ತದೆ, ತೊಳೆಯುವ ಹಾಗಂತೂ ಇಲ್ಲವೇ ಇಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದಡಿಯ ಊರುಗಳಲ್ಲಿ, ಬಂಟ್ವಾಳದ ನೇತ್ರಾವತಿ ದಡದಲ್ಲಿ ನೆರೆ ಬಂದ ನೆನಪು ಇನ್ನೂ ಹಸಿಯಾಗಿದೆ. ನದಿಯ ಬದಿಯ ಮನೆಗಳವರು, ಒಮ್ಮೆ ನೀರು ಕುಡಿದ ದಪ್ಪ ಫೋಮ್ ಹಾಸಿಗೆ ಒಣಗಿ ಬಳಕೆಗೆ ಮರಳುವುದು ದುರ್ಲಭ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೇವದಲ್ಲಿ ಹೆಚ್ಚುವ ಧೂಳುನುಸಿ ಉಬ್ಬಸದ ಮಕ್ಕಳಿರುವ ಮನೆಗೆ ಇನ್ನೊಂದು ಚಿಂತೆ.

ಮೂರನೆಯದು ಬೆನ್ನಿನ ವಿಚಾರ. ಇದರಲ್ಲಿ ಎರಡು ಪರಸ್ಪರ ವಿರುದ್ಧ ನಂಬಿಕೆಗಳು ಒಂದೇ ಮನೆಯಲ್ಲಿ ವಾಸವಾಗಿವೆ: ಅಜ್ಜನ ಪ್ರಕಾರ ಸೊಂಟನೋವಿಗೆ ಹಲಗೆಯೇ ಮದ್ದು, ಮೊಮ್ಮಗನ ಪ್ರಕಾರ ಮೆಮೊರಿ ಫೋಮ್. ಸ್ಪೇನಿನ ಕೊವಾಕ್ಸ್ ಮತ್ತು ಸಂಗಡಿಗರು 313 ಮಂದಿ ದೀರ್ಘಕಾಲದ ಸೊಂಟನೋವಿನವರ ಮೇಲೆ ನಡೆಸಿ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅರ್ಧದಷ್ಟು ಜನರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ಕಾದರು. ಮಧ್ಯಮ ಗಟ್ಟಿತನದ್ದರಲ್ಲಿ ಮಲಗಿದವರ ನೋವು ಇನ್ನೊಂದು ಗುಂಪಿನವರದ್ದಕ್ಕಿಂತ ಹೆಚ್ಚು ತಗ್ಗಿತ್ತು. ಇದು ಅಜ್ಜನ ಹಲಗೆಯ ವಾದವನ್ನು ಸಡಿಲಿಸುತ್ತದೆ ಎಂಬುದು ನಿಜ, ಆದರೆ ಮೊಮ್ಮಗನ ವಾದವನ್ನು ಗೆಲ್ಲಿಸುವುದಿಲ್ಲ. ಬೆನ್ನಿಗೆ ಮುಖ್ಯವಾದದ್ದು ಮಧ್ಯಮ ಗಟ್ಟಿತನ. ಅದನ್ನು ನಾರಿನ ಹಾಸಿಗೆಯೂ ಕೊಡಬಲ್ಲದು, ಎಚ್.ಆರ್. ಫೋಮೂ ಕೊಡಬಲ್ಲದು, ಒಳ್ಳೆಯ ಕೆಳಪದರದ ಮೇಲಿನ ತೆಳು ಮೆಮೊರಿ ಫೋಮೂ ಕೊಡಬಲ್ಲದು. ಕೊಡಲಾರದ್ದು ಒಂದೇ, ಸಡಿಲ ಕೆಳಪದರದ ಮೇಲೆ ಸಡಿಲ ಮೆಮೊರಿ ಫೋಮ್ ಹೊದಿಸಿದ ಅಗ್ಗದ ಹಾಸಿಗೆ. ಅದರಲ್ಲಿ ಪೃಷ್ಠ ತಗ್ಗಿ ಬೆನ್ನು ತೊಟ್ಟಿಲಾಗುತ್ತದೆ. "ಆರ್ಥೋ" ಎಂಬ ಪದ ಹೊದಿಕೆಯ ಮೇಲಿದ್ದರೆ ಅದನ್ನು ವೈದ್ಯರ ಚೀಟಿಯಂತೆ ಓದಬೇಕಾಗಿಲ್ಲ. ತಯಾರಕರು ಹೆಮ್ಮೆಯಿಂದ ತೋರಿಸುವ ಸರ್ಟಿಪ್ಯೂರ್, ಓಕೋಟೆಕ್ಸ್ ಪ್ರಮಾಣಪತ್ರಗಳು ಬೆಲೆಯುಳ್ಳವೇ, ಆದರೆ ಅವು ಮುಖ್ಯವಾಗಿ ಹೇಳುವುದು ಫೋಮಿನಲ್ಲೋ ಬಟ್ಟೆಯಲ್ಲೋ ಹಾನಿಕರ ರಾಸಾಯನಿಕಗಳು ಮಿತಿಯೊಳಗಿವೆ ಎಂಬುದನ್ನು. ಬೆನ್ನು ನೆಟ್ಟಗಿರುತ್ತದೆಂದಾಗಲಿ ಹಾಸಿಗೆ ಹತ್ತು ವರ್ಷ ಬಾಳುತ್ತದೆಂದಾಗಲಿ ಅಲ್ಲ.

ಇನ್ನು ನಾಲ್ಕನೆಯ ನಂಬಿಕೆ, ಅಗ್ಗದ್ದರಿಂದ ಬೇರೆ ನಷ್ಟವಿಲ್ಲ ಎಂಬುದು. ಅದರ ಪರವಾಗಿ ಬರುವ ಆಕ್ಷೇಪಗಳನ್ನು ತೂಗಿ ನೋಡೋಣ. "ನಮ್ಮ ಪಕ್ಕದ ಮನೆಯವರು ಅಗ್ಗದ್ದನ್ನೇ ತಂದು ಆರಾಮವಾಗಿ ಮಲಗುತ್ತಿದ್ದಾರೆ" ಎಂಬುದು ಮೊದಲನೆಯದು. ತಂದು ಎಷ್ಟು ಕಾಲವಾಯಿತು, ಮಲಗುವವರ ಮೈತೂಕ ಎಷ್ಟು ಎಂಬ ಎರಡು ಪ್ರಶ್ನೆ ಕೇಳದೆ ಈ ಮಾತಿಗೆ ಬೆಲೆ ಕಟ್ಟಲಾಗದು. ಹೊಸ ಫೋಮ್ ಎಲ್ಲರಿಗೂ ಹಿತವೇ. ಸಾಂದ್ರತೆಯ ಕೊರತೆ ಹೊರಗೆ ಬರಲು ಒಂದೆರಡು ಮಳೆಗಾಲ ಬೇಕು. 50 ಕಿಲೋ ತೂಗುವವರನ್ನು ಹೊತ್ತ ಪದರ 85 ಕಿಲೋದವರನ್ನು ಅಷ್ಟೇ ಕಾಲ ಹೊರಲಾರದು. ಎರಡನೆಯದು, "ಹತ್ತು ವರ್ಷ ವಾರಂಟಿ ಇದೆ, ನೂರು ದಿನ ಬಳಸಿ ನೋಡಿ ಬೇಡವಾದರೆ ಹಿಂತಿರುಗಿಸಬಹುದು, ಇನ್ನೇನು ಭಯ?" ಬಳಸಿ ನೋಡುವ ಅವಕಾಶ ನಿಜಕ್ಕೂ ಗ್ರಾಹಕನಿಗೆ ಸಿಕ್ಕ ಬಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಪಿನ್‌ಕೋಡಿನಿಂದ ಹಾಸಿಗೆ ವಾಪಸು ಒಯ್ಯುವ ವ್ಯವಸ್ಥೆ ಉಂಟೇ, ಖರ್ಚು ಯಾರದ್ದು ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಬೇಕು. ನವೆಂಬರ್‌ನಲ್ಲಿ ಕೊಂಡರೆ ಆ ನೂರು ದಿನಗಳೂ ಹಿತವಾದ ಹವೆಯಲ್ಲೇ ಕಳೆದುಹೋಗುತ್ತವೆ. ಮಾರ್ಚ್ ಕೊನೆಗೆ ಕೊಂಡವರಿಗೆ ಸೆಕೆಯೂ ಮಳೆಯ ಆರಂಭವೂ ಪರೀಕ್ಷೆಗೆ ಸಿಗುತ್ತವೆ. ವಾರಂಟಿಯ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಇರುವುದು, ಯಾರೂ ಮಲಗದಿರುವಾಗ ಇಷ್ಟು ಇಂಚಿಗಿಂತ ಹೆಚ್ಚು ತಗ್ಗು ಕಂಡರೆ ಮಾತ್ರ ಅನ್ವಯ, ಕಲೆ ಬಿದ್ದಿದ್ದರೆ ಇಲ್ಲ, ಮಂಚ ಸರಿಯಿಲ್ಲದಿದ್ದರೆ ಇಲ್ಲ ಎಂಬ ಷರತ್ತು. ಮಲಗಿದಾಗ ಹೊಂಡ ಬಿದ್ದು ಎದ್ದಾಗ ತುಂಬಿಕೊಳ್ಳುವ ಸಡಿಲ ಫೋಮಿನ ದೋಷ ಈ ಅಳತೆಗೆ ಸಿಕ್ಕುವುದೇ ಇಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: "ಒಳ್ಳೆಯದಕ್ಕೆ ದುಡ್ಡು ಬೇಕು, ಇಲ್ಲದವರು ಏನು ಮಾಡಬೇಕು?" ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮನೆ ನಡೆಸುವವರಿರುವ ಊರುಗಳಿವು, ಆಯುಷ್ಯಕ್ಕೆ ಭಾಗಿಸಿ ಲೆಕ್ಕ ಹಾಕಿ ಎಂದು ಅವರಿಗೆ ಬೋಧಿಸುವುದು ಸುಲಭ. 9,000 ರೂಪಾಯಿಯ ಹಾಸಿಗೆ ಮೂರು ವರ್ಷಕ್ಕೆ ಕೆಟ್ಟರೆ ವರ್ಷಕ್ಕೆ 3,000. 16,000ದ್ದು ಎಂಟು ವರ್ಷ ಬಂದರೆ ವರ್ಷಕ್ಕೆ 2,000. ಲೆಕ್ಕ ಸರಿ, ಆದರೆ 16,000 ಒಟ್ಟಿಗೆ ಕೈಯಲ್ಲಿಲ್ಲದವರಿಗೆ ಅದು ಉತ್ತರವಲ್ಲ. ಉತ್ತರ ಬೇರೆ ದಿಕ್ಕಿನಲ್ಲಿದೆ: ಅದೇ 9,000ದಲ್ಲಿ ಮೆಮೊರಿ ಫೋಮನ್ನು ಬಿಟ್ಟುಬಿಟ್ಟರೆ ಸಿಗುವ ಹಾಸಿಗೆ ಅದನ್ನು ಹಟದಿಂದ ಸೇರಿಸಿದ ಹಾಸಿಗೆಗಿಂತ ಖಂಡಿತ ಮೇಲು. ರಬ್ಬರ್ ಹಾಲಿನ ನಾರಿನ ಹಾಸಿಗೆ ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ. ತೆಂಗೂ ರಬ್ಬರೂ ನಮ್ಮ ಮಣ್ಣಿನಲ್ಲೇ ಬೆಳೆಯುತ್ತವೆ. ಮಣಿಪಾಲದ ಪೈ ಮನೆತನದವರು 1962ರಲ್ಲಿ ಕಟ್ಟಿದ ಸಂಸ್ಥೆಯಿಂದ ಬಂದ ಕರ್ಲಾನ್, ನಾರಿನ ಹಾಸಿಗೆಗೆ ಮನೆಮಾತಾದ ಹೆಸರೇ ಆಗಿಹೋಯಿತು. ಅದರೊಳಗೆ ಗಾಳಿ ಆಡುತ್ತದೆ, ಸೆಕೆಗೆ ಜೋಲುವುದಿಲ್ಲ, ಗಟ್ಟಿತನ ಬೆನ್ನಿಗೆ ಸಾಕು. ಕಾಲಕ್ರಮದಲ್ಲಿ ನಡು ತಗ್ಗುವುದು, ಮೊದಮೊದಲು ಬಿಗಿಯಾಗಿರುವುದು ಅದರ ದೋಷ. ತಲೆ–ಕಾಲು ದಿಕ್ಕು ತಿರುಗಿಸುತ್ತ, ಮಗುಚುತ್ತ ಬಂದರೆ ತಗ್ಗುವುದು ನಿಧಾನವಾಗುತ್ತದೆ. ಮಗುಚುವ ಈ ಉಪಾಯ ಮೇಲ್ಗಡೆ ಮಾತ್ರ ಮೆಮೊರಿ ಫೋಮ್ ಇರುವ ಹಾಸಿಗೆಯಲ್ಲಿ ನಡೆಯದು ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಮೆಮೊರಿ ಫೋಮ್ ಯಾರಿಗೆ? ಬಡಕಲು ಮೈಯವರು, ಮಗ್ಗುಲಾಗಿ ಮಲಗಿದಾಗ ಭುಜ–ಸೊಂಟದ ಮೂಳೆ ಒತ್ತಿ ನೋಯುವವರು, ಸಂಧಿವಾತದವರು, ಪಕ್ಕದವರ ಅಲುಗಾಟಕ್ಕೆ ನಿದ್ದೆಗೆಡುವವರು, ಕೋಣೆ ತಂಪಾಗಿ ಇಟ್ಟುಕೊಳ್ಳಬಲ್ಲವರು: ಇವರಿಗೆ ಅದು ಖರ್ಚು ಮಾಡತಕ್ಕ ವಸ್ತುವೇ. ಹಾಸಿಗೆ ಹಿಡಿದ ರೋಗಿಗೆ ಒತ್ತಡ ಹಂಚುವ ಒಳ್ಳೆಯ ದರ್ಜೆಯ ಫೋಮ್ ಉಪಕಾರಿ, ಆದರೆ ಅದನ್ನು ವೈದ್ಯರನ್ನು ಕೇಳಿ ಕೊಳ್ಳಬೇಕು. ತಾವೇ ಮಗ್ಗುಲು ಬದಲಿಸಲು ಕಷ್ಟಪಡುವ ಹಿರಿಯರನ್ನು ದಪ್ಪ ಮೆಮೊರಿ ಫೋಮ್ ಇನ್ನಷ್ಟು ಕಟ್ಟಿಹಾಕುತ್ತದೆ, ಏಳುವಾಗ ಕೈಯೂರಲು ಗಟ್ಟಿ ಅಂಚೂ ಸಿಗುವುದಿಲ್ಲ. ಒಂದು ವರ್ಷದೊಳಗಿನ ಮಗುವನ್ನು ಮಾತ್ರ ಇದರ ಮೇಲೆ ಮಲಗಿಸಲೇಬಾರದು. ಕವುಚಿ ಬಿದ್ದ ಮಗುವಿನ ಮೂಗು ಫೋಮಿನಲ್ಲಿ ಹೂತು ಉಸಿರುಕಟ್ಟುವ ಅಪಾಯವಿದೆ. ಬಾಣಂತಿಯ ಕೋಣೆಗೆಂದು ಪ್ರೀತಿಯಿಂದ ಮೆತ್ತನೆಯ ಹಾಸಿಗೆ ತರುವವರು ದಯವಿಟ್ಟು ಇದನ್ನು ನೆನಪಿಡಬೇಕು. ಮೂಡುಬಿದಿರೆ, ಉಜಿರೆಗಳ ಹಾಸ್ಟೆಲುಗಳಿಗೆ ಹೊರಟ ಮಕ್ಕಳಿಗೆ ಆರಡಿ–ಮೂರಡಿಯ, ನಾಲ್ಕು ಇಂಚಿನ, 32ಕ್ಕಿಂತ ಕಡಿಮೆಯಿಲ್ಲದ ಫೋಮ್ ಹಾಸಿಗೆ ಸಾಕೇ ಸಾಕು. ಅದರ ತೂಕ ಐದೂವರೆ ಕಿಲೋದಷ್ಟು, ಹೊತ್ತೊಯ್ಯಲೂ ಹಗುರ. ಆ ವಯಸ್ಸಿನ ಬೆನ್ನಿಗೆ ಮೆಮೊರಿ ಫೋಮ್ ಬೇಕಿಲ್ಲ.

ಇಷ್ಟರ ಮೇಲೂ ಮೆಮೊರಿ ಫೋಮೇ ಬೇಕು, ಕ್ರಯವೂ ಮಿತಿಯಲ್ಲಿರಬೇಕು ಎನ್ನುವವರು ಪ್ರಶ್ನೆಗಳ ಕ್ರಮವನ್ನು ತಿರುಗಿಸಬೇಕು:

1. ಮೊದಲು ಕೆಳಪದರ ಯಾವುದು, ಎಷ್ಟು ಇಂಚು, ಎಷ್ಟು ಡೆನ್ಸಿಟಿ ಎಂದು ಕೇಳಿ. ಇ.ಪಿ.ಇ. ಹಾಳೆ ಎಂದಾದರೆ ಅಥವಾ ಉತ್ತರವೇ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ.

2. ಮೇಲಿನ ಪದರ ಒಂದೂವರೆ–ಎರಡು ಇಂಚು ಮೀರದಿರಲಿ, 50ಕ್ಕಿಂತ ಇಳಿಯದಿರಲಿ. ನಮ್ಮ ಹವೆಯಲ್ಲಿ ಮೂರು ಇಂಚು ಎಂದರೆ ಹೆಚ್ಚು ಸೆಕೆಗೆ ಹೆಚ್ಚು ಹಣ ಕೊಟ್ಟಂತೆ. ದಪ್ಪ ಕಡಿಮೆ ಮಾಡಿ ಸಾಂದ್ರತೆ ಉಳಿಸಿಕೊಳ್ಳುವುದೇ ನಿಜವಾದ ಮಿತವ್ಯಯ.

3. ಮನೆಯಲ್ಲಿರುವ ನಾರಿನ ಹಾಸಿಗೆ ಇನ್ನೂ ಸಮತಟ್ಟಾಗಿದ್ದರೆ ಹೊಸ ಹಾಸಿಗೆಯ ಬದಲು ಎರಡು ಇಂಚಿನ ಮೆಮೊರಿ ಫೋಮ್ ಮೇಲ್ಹಾಸು ಮಾತ್ರ ಕೊಳ್ಳಿ. ಬೇಸಿಗೆಯಲ್ಲಿ ಅದನ್ನು ತೆಗೆದಿಡಬಹುದು. ನಡು ತಗ್ಗಿದ ಹಾಸಿಗೆಯ ಮೇಲೆ ಹಾಕಿದರೆ ಅದೂ ತಗ್ಗಿನ ಆಕಾರಕ್ಕೇ ಬರುತ್ತದೆ, ಹಣ ವ್ಯರ್ಥ.

4. ಬಡಗಿ ಮಾಡಿದ ಮಂಚದ ಅಳತೆಯನ್ನು ಒಳ ಚೌಕಟ್ಟಿನಲ್ಲಿ ಟೇಪು ಹಿಡಿದು ನೋಡಿ ಹೇಳಿ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಡಿಸಿ. ಪ್ಲೈವುಡ್ ಆದರೆ ತೂತು ಕೊರೆಸಿ.

ಈ ಪೈಕಿ ಮೊದಲನೆಯದಕ್ಕೆ ಅಂಗಡಿಯವರು ಸಿಟ್ಟಾಗುವುದೂ ಉಂಟು, ಕಂಪೆನಿ ಹೇಳಿಲ್ಲ ಎನ್ನುವುದೂ ಉಂಟು. ಕೇಳುವವರು ಹೆಚ್ಚಾದಂತೆ ಕಂಪೆನಿಗಳು ಹೇಳತೊಡಗುತ್ತವೆ. ಸರಕಿನ ಗುಣಮಟ್ಟ, ಪ್ರಮಾಣ, ದರ್ಜೆ, ಬೆಲೆಗಳನ್ನು ತಿಳಿದುಕೊಳ್ಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಆದ್ದರಿಂದ ಹಣ ಎಣಿಸುವ ಮೊದಲು ಬಿಲ್ಲಿನ ಮೇಲೆ ಒಂದೊಂದು ಪದರದ ಹೆಸರು, ಇಂಚು, ಡೆನ್ಸಿಟಿಗಳನ್ನು ಕೈಬರಹದಲ್ಲಾದರೂ ಬರೆಸಿ ಸೀಲು ಹಾಕಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ತರಿಸುವವರು ಆ ವಿವರವಿರುವ ಪುಟವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಮುಂದೆ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಂಗಳೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ. ಆದರೆ ಬಿಲ್ಲಿನಲ್ಲಿ "ಮೆಮೊರಿ ಫೋಮ್ ಬೆಡ್, 1" ಎಂದಷ್ಟೇ ಇದ್ದರೆ ಅಲ್ಲಿಯೂ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.